ಗ್ರೈಂಡರಿನ ಬೇರಿಂಗೂ ಹುಡುಗನ ಪಗಾರವೂ

ಹೋಟೆಲಿನ ಅಡಿಗೆಮನೆಯಲ್ಲಿ ರುಬ್ಬುವ ಯಂತ್ರ ಕೆಟ್ಟು ನಿಂತರೆ, ಅದಕ್ಕೆ ಕಾರಣನಾದವನು ಯಾರೆಂಬುದು ಐದೇ ನಿಮಿಷಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಯಂತ್ರದ ಬಳಿ ನಿಂತಿದ್ದವನೇ ಅಪರಾಧಿ. ಅವನನ್ನು ‘ಗ್ರೈಂಡರ್ ಹುಡುಗ’ನೆಂದು ಕರೆಯುವುದು ವಾಡಿಕೆ, ವಯಸ್ಸು ನಲವತ್ತು ದಾಟಿ, ಊರಿನಲ್ಲಿ ಮದುವೆಗೆ ಬಂದ ಮಗಳಿದ್ದರೂ ಅವನು ಹುಡುಗನೇ. ಬೆಳಗಿನ ವಡೆಯ ಹಿಟ್ಟು ಅರ್ಧ ರುಬ್ಬಿ ನಿಂತಿದೆ, ಗಿರಾಕಿಗಳು ಬಂದು ಕುಳಿತಿದ್ದಾರೆ, ಧಣಿಗಳ ಮುಖ ಕೆಂಪಾಗಿದೆ. ಇಂಥ ಹೊತ್ತಿನಲ್ಲಿ ನ್ಯಾಯಾನ್ಯಾಯಗಳ ವಿಚಾರಕ್ಕೆ ಯಾರಿಗೂ ಬಿಡುವಿರುವುದಿಲ್ಲ. ಮೆಕ್ಯಾನಿಕ್ ಬಂದು, ‘ಬೇರಿಂಗ್ ಹೋಗಿದೆ, ಶಾಫ್ಟೂ ಸವೆದಿದೆ’ ಎಂದು ಹೇಳಿ, ಬಿಲ್ಲು ಕೊಟ್ಟು ಹೋಗುತ್ತಾನೆ. ಕೆಲವೆಡೆ ಆ ಬಿಲ್ಲಿನ ಒಂದು ಪಾಲು ತಿಂಗಳ ಕೊನೆಗೆ ಹುಡುಗನ ಪಗಾರದಿಂದ ವಜಾ ಆಗುತ್ತದೆ.

ಎಲ್ಲ ಹೋಟೆಲುಗಳಲ್ಲಿಯೂ ಹೀಗೆಯೇ ನಡೆಯುತ್ತದೆಂದು ನಾವು ಹೇಳುವುದಿಲ್ಲ. ಕೆಲಸಗಾರರನ್ನು ಮನೆಯ ಮಕ್ಕಳಂತೆ ನೋಡಿಕೊಳ್ಳುವ ಧಣಿಗಳು ಪುಣೆಯಲ್ಲಿ ಅನೇಕರಿದ್ದಾರೆ. ಆದರೆ ಈ ದೂರು ಆಗಾಗ ಕಿವಿಗೆ ಬೀಳುತ್ತಿರುವುದರಿಂದ, ಇದರ ಬಗ್ಗೆ ಎರಡು ಮಾತು ಬರೆಯುವುದು ಅವಶ್ಯವೆನಿಸಿತು. ಬೇರಿಂಗು ತಾನು ಹೇಗೆ ಸತ್ತೆನೆಂಬುದನ್ನು ತನ್ನ ಮೈಮೇಲೆ ಬರೆದಿಟ್ಟೇ ಸಾಯುತ್ತದೆ. ಆ ಬರಹವನ್ನು ಓದದೆ ಬಡವನ ಪಗಾರಕ್ಕೆ ಕೈಹಾಕುವುದು ಅನ್ಯಾಯ. ಧಂದೆಯ ದೃಷ್ಟಿಯಿಂದಲೂ ಅವಿವೇಕ. ಏಕೆಂದರೆ ಹುಡುಗನನ್ನು ಬದಲಿಸಬಹುದು, ಬೇರಿಂಗನ್ನೂ ಬದಲಿಸಬಹುದು. ಕಾರಣವು ಹಾಗೆಯೇ ಉಳಿದಿದ್ದರೆ ಹೊಸದೂ ಆರು ತಿಂಗಳಲ್ಲಿ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಬೇರಿಂಗೆಂದರೆ ಏನೆಂಬುದನ್ನು ನಮ್ಮ ಊರುಗಳಿಂದ ಬಂದವರಿಗೆ ವಿವರಿಸುವುದು ಕಷ್ಟವಲ್ಲ. ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಚಕ್ರದ ಗುಂಬಕ್ಕೂ ಅಚ್ಚಿಗೂ ನಡುವೆ ಎಣ್ಣೆಯ ಒಂದು ಪದರವಿದ್ದರೆ ಬಂಡಿ ಸದ್ದಿಲ್ಲದೆ ನಡೆಯುತ್ತದೆ. ಒಣಗಿದರೆ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಕಬ್ಬಿನ ಹಾಲಿನ ಯಂತ್ರದಲ್ಲಿರುವ ಹಿತ್ತಾಳೆ ಅಥವಾ ಗನ್‌ಮೆಟಲಿನ ಬುಷ್ ಇದೇ ಜಾತಿಗೆ ಸೇರಿದ್ದು. ಈ ಎಣ್ಣೆಯ ಪದರಕ್ಕೆ ಎಂಥ ಶಕ್ತಿಯಿದೆ ಎಂಬುದು ಬಹುಕಾಲ ಪಂಡಿತರಿಗೂ ತಿಳಿದಿರಲಿಲ್ಲ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಶಾಂ ಟವರ್ ಎಂಬ ಎಂಜಿನಿಯರು ರೈಲಿನ ಅಚ್ಚುಗಳಿಗೆ ಸಂಬಂಧಿಸಿದ ಪ್ರಯೋಗವೊಂದರಲ್ಲಿ ಬೇರಿಂಗಿನ ಮೇಲ್ಭಾಗಕ್ಕೆ ಒಂದು ತೂತು ಕೊರೆದರು. ಯಂತ್ರ ತಿರುಗುತ್ತಿದ್ದಂತೆ ಆ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬೆಣೆ ಬಡಿದು ಮುಚ್ಚಿದರೆ ಎಣ್ಣೆಯು ಆ ಬೆಣೆಯನ್ನೇ ಹೊರಕ್ಕೆ ತಳ್ಳಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ತನ್ನ ಕೆಳಕ್ಕೆ ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತದೆಂದು ಆಗ ತಿಳಿದುಬಂತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತವನ್ನು ಒದಗಿಸಿದರು. ಯಂತ್ರದ ಆಯುಷ್ಯವೆಲ್ಲ ಈ ಒಂದು ವಿಷಯದಲ್ಲಿ ಅಡಗಿದೆ: ಲೋಹವು ಲೋಹವನ್ನು ಮುಟ್ಟಬಾರದು.

ಗ್ರೈಂಡರು, ಪಂಪು, ಮೋಟಾರುಗಳಲ್ಲಿ ಇರುವುದು ಗುಂಡಿನ ಬೇರಿಂಗು. ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ಉಕ್ಕಿನ ಗುಂಡುಗಳು. ಇಲ್ಲಿಯೂ ಗುಂಡಿಗೂ ಬಳೆಗೂ ನಡುವೆ ಎಣ್ಣೆಯ ಪದರವೊಂದಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ಕಡಿಮೆ. ಮೈಕ್ರಾನೆಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಧಾನ್ಯಗಳ ಪಿಷ್ಟದ ಕಣಗಳಲ್ಲೆಲ್ಲ ಅತಿ ಸಣ್ಣವೆಂದು ಹೆಸರಾದ ಅಕ್ಕಿಯ ಕಣಗಳು ಕೂಡ ಇದಕ್ಕಿಂತ ಹಲವು ಪಟ್ಟು ದೊಡ್ಡವು. ರುಬ್ಬುವ ಕಲ್ಲಿನಿಂದ ಉದುರಿದ ಹುಡಿಯಾಗಲಿ, ರಸ್ತೆಯಿಂದ ಹಾರಿಬಂದ ಧೂಳಾಗಲಿ ಒಳಗೆ ಹೊಕ್ಕರೆ ಏನಾಗುವುದೆಂದು ವಾಚಕರೇ ಊಹಿಸಬಹುದು.

ಬೇರಿಂಗಿನ ಆಯುಷ್ಯಕ್ಕೆ ಒಂದು ಲೆಕ್ಕವಿದೆ. ಸ್ವೀಡನ್ನಿನ ಪಾಲ್ಮ್‌ಗ್ರೆನ್ ಮತ್ತು ಲುಂಡ್‌ಬರ್ಗ್ ಎಂಬುವರು 1947ರಲ್ಲಿ ಪ್ರಕಟಿಸಿದ ಸಿದ್ಧಾಂತವೇ ಇಂದಿಗೂ ಜಗತ್ತಿನ ಎಲ್ಲ ಪಟ್ಟಿಕೆಗಳಿಗೆ ಆಧಾರ. ಗುಮಾಸ್ತ ಬಂಧುಗಳಿಗೆ ಲೆಕ್ಕ ಪ್ರಿಯವಾದ್ದರಿಂದ ಅದನ್ನು ಇಲ್ಲಿ ಬಿಡಿಸಿಡುತ್ತೇವೆ. ಪಟ್ಟಿಯಲ್ಲಿ ಸುಮಾರು 1,400 ಕಿಲೋ ಭಾರದ ಶಕ್ತಿಯೆಂದು ನಮೂದಾದ ಒಂದು ಬೇರಿಂಗು ಇದೆಯೆನ್ನೋಣ; ಅದರ ಮೇಲೆ ನಿಜವಾಗಿ ಬೀಳುವ ಭಾರ 140 ಕಿಲೋ. ಅಂದರೆ ಶಕ್ತಿಯು ಭಾರದ ಹತ್ತು ಪಟ್ಟು. ಹತ್ತನ್ನು ಮೂರು ಬಾರಿ ಗುಣಿಸಿದರೆ ಸಾವಿರ. ಅಷ್ಟು ದಶಲಕ್ಷ ಸುತ್ತುಗಳು ಅದರ ಆಯುಷ್ಯ. ನಿಮಿಷಕ್ಕೆ 500 ಸುತ್ತಿನಂತೆ ದಿನಕ್ಕೆ ಎಂಟು ಗಂಟೆ ಓಡಿಸಿದರೆ ಹನ್ನೊಂದು ವರ್ಷಗಳಿಗೆ ಮೇಲ್ಪಟ್ಟು ಬಾಳಬೇಕು. ನೂರು ಬೇರಿಂಗುಗಳಲ್ಲಿ ತೊಂಬತ್ತು ಈ ಗಡಿಯನ್ನು ದಾಟುತ್ತವೆ ಎಂಬುದು ಈ ಲೆಕ್ಕದ ಅರ್ಥ. ಈಗ ಭಾರವನ್ನು ಇಮ್ಮಡಿ ಮಾಡಿರಿ. ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂದು ಯಾರಿಗಾದರೂ ತೋರಬಹುದು. ಅದು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ! ಹನ್ನೊಂದು ವರ್ಷ ಬಾಳತಕ್ಕದ್ದು ಒಂದೂವರೆ ವರ್ಷವನ್ನೂ ಪೂರೈಸುವುದಿಲ್ಲ.

ಭಾರವನ್ನು ಇಮ್ಮಡಿ ಮಾಡುವವರು ಯಾರು? ಹಿಟ್ಟು ಗಟ್ಟಿಯಾಗಿ ಬೆಲ್ಟು ಜಾರತೊಡಗಿದರೆ, ಮೋಟಾರನ್ನು ಹಿಂದಕ್ಕೆಳೆದು ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿಯುವ ಅಭ್ಯಾಸ ನಮ್ಮಲ್ಲಿದೆ. ಬೆಲ್ಟು ಸವೆದು ನುಣುಪಾಗಿರುವುದರಿಂದ ಅದು ಜಾರುತ್ತದೆ; ಅದನ್ನು ಬದಲಿಸಬೇಕು. ಅಗ್ಗದ ಬೆಲ್ಟನ್ನು ಉಳಿಸಲು ಬಿಗಿದು ಬಿಗಿದು, ದುಬಾರಿಯ ಬೇರಿಂಗನ್ನೂ ಶಾಫ್ಟನ್ನೂ ಬಲಿಕೊಡುತ್ತೇವೆ. ಈ ಬಿಗಿಯುವ ಕೆಲಸವನ್ನು ಹುಡುಗ ತಾನಾಗಿ ಮಾಡುವುದಿಲ್ಲ. ‘ಇವತ್ತಿಗೆ ನಡೆಯಲಿ’ ಎಂದು ಮೇಲಿನಿಂದ ಅಪ್ಪಣೆಯಾದ ಮೇಲೆಯೇ ಅದು ನಡೆಯುವುದು.

ಈ ವಿಷಯದಲ್ಲಿ ಪುಣೆಯವರು ಅಜ್ಞಾನದ ನೆವ ಹೇಳುವಂತಿಲ್ಲ. ದೇಶಕ್ಕೆ ಬೇರಿಂಗು ಮಾಡಿಕೊಟ್ಟ ಊರುಗಳಲ್ಲಿ ಪುಣೆಯೂ ಒಂದು. ಚಿಂಚವಾಡದಲ್ಲಿರುವ ಎಸ್.ಕೆ.ಎಫ್. ಕಾರಖಾನೆಯಲ್ಲಿ 1965ರಲ್ಲಿ ಉತ್ಪಾದನೆ ಆರಂಭವಾಯಿತು. ಆ ಸಂಸ್ಥೆಯ ಹುಟ್ಟಿನ ಕಥೆ ನಮ್ಮ ಇಂದಿನ ವಿಷಯಕ್ಕೆ ಬಹಳ ಹತ್ತಿರವಾದದ್ದು. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣದ ಬಟ್ಟೆಯ ಗಿರಣಿಯೊಂದರಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ತರುಣ ಎಂಜಿನಿಯರನಿಗೆ ಯಂತ್ರಗಳ ಉಸ್ತುವಾರಿಯ ಕೆಲಸ. ಗಿರಣಿ ನಿಂತಿದ್ದದ್ದು ಜೇಡಿಮಣ್ಣಿನ ನೆಲದ ಮೇಲೆ. ನೆಲ ಅಲ್ಲಲ್ಲಿ ಕುಸಿದಂತೆಲ್ಲ ಕಟ್ಟಡ ಸರಿಯುತ್ತಿತ್ತು, ಉದ್ದುದ್ದ ಶಾಫ್ಟುಗಳು ಸಾಲು ತಪ್ಪುತ್ತಿದ್ದವು, ಬೇರಿಂಗುಗಳು ಒಂದರ ಮೇಲೊಂದು ಕೆಡುತ್ತಿದ್ದವು. ಅಲ್ಲಿಯೂ ಯಂತ್ರದ ಬಳಿ ಕೆಲಸಗಾರರು ಇದ್ದರು. ಅವರ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವುದು ಸುಲಭವಾಗಿತ್ತು. ವಿಂಗ್‌ಕ್ವಿಸ್ಟ್ ಕಾರಣವನ್ನು ಹುಡುಕಿದ. ಶಾಫ್ಟು ಸ್ವಲ್ಪ ಓರೆಯಾದರೂ ತಾನೂ ಅದರೊಡನೆ ವಾಲಿಕೊಂಡು ಓಡುವ, ಎರಡು ಸಾಲು ಗುಂಡುಗಳ ಬೇರಿಂಗೊಂದನ್ನು ರಚಿಸಿದ. 1907ರಲ್ಲಿ ಅದರ ಸುತ್ತಲೇ ಆ ಸಂಸ್ಥೆ ಹುಟ್ಟಿಕೊಂಡಿತು. ದಖ್ಖಣದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದನ್ನು ಬಲ್ಲ ನಮಗೆ ಇದು ದೂರದ ಕಥೆಯೆನಿಸಬಾರದು. ಅಂಥ ನೆಲದ ಮೇಲೆ, ಬೋಲ್ಟಿಲ್ಲದೆ, ಒಂದು ಕಾಲಿನ ಕೆಳಗೆ ಮಡಚಿದ ರಟ್ಟನ್ನು ತುರುಕಿ ನಿಲ್ಲಿಸಿದ ಗ್ರೈಂಡರುಗಳು ಎಷ್ಟಿಲ್ಲ!

ನಮ್ಮವರ ನಂಟೂ ಇಲ್ಲಿ ಕಡಿಮೆಯದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ತೆರೆದರು. ಸೈಕಲ್ಲೆಂದರೆ ಗುಂಡಿನ ಬೇರಿಂಗುಗಳ ಮೇಲೆಯೇ ಓಡುವ ವಾಹನ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ, 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನುಗಳ ಸಂಸ್ಥೆ ಎಂದು ಆ ಮನೆತನದ ಉದ್ಯಮ ಬೆಳೆಯಿತು. ಬೆಳಗಾವಿಯಿಂದ ಪುಣೆಗೆ ಕೆಲಸ ಹುಡುಕಿಕೊಂಡು ಬಂದ ಎಷ್ಟೋ ಮಂದಿ ಕನ್ನಡಿಗರಿಗೆ ಗೊತ್ತಿರುವ ಹಾದಿ ಇದು. ಮುಂಢ್ವೆಯಲ್ಲಿ 1961ರಲ್ಲಿ ಸ್ಥಾಪಿತವಾದ ಭಾರತ ಫೋರ್ಜ್ ಮೋಟಾರು ವಾಹನಗಳ ಕ್ರ್ಯಾಂಕ್ ಶಾಫ್ಟುಗಳನ್ನು ಬಡಿದು ರೂಪಿಸುತ್ತದೆ. ಒಟ್ಟಿನಲ್ಲಿ, ಬೇರಿಂಗು ಶಾಫ್ಟುಗಳ ವಿದ್ಯೆ ಪುಣೆಯ ಪೂರ್ವಪಶ್ಚಿಮಗಳಲ್ಲಿ ಹಬ್ಬಿಕೊಂಡಿದೆ. ಅದು ಅಡಿಗೆಮನೆಯ ಹೊಸಿಲನ್ನು ಮಾತ್ರ ದಾಟಿಲ್ಲ.

ಅಡಿಗೆಮನೆಯಲ್ಲಿ ಬೇರಿಂಗಿನ ಮೊದಲ ಶತ್ರು ನೀರು. ರಾತ್ರಿ ಕೆಲಸ ಮುಗಿದ ಮೇಲೆ ಯಂತ್ರವನ್ನು ತೊಳೆಯಬೇಕು. ಶುಚಿತ್ವದಲ್ಲಿ ರಾಜಿ ಸಲ್ಲದು. ಆದರೆ ರಬ್ಬರು ಕೊಳವೆಯಿಂದ ರಭಸವಾಗಿ ನೀರು ಬಿಟ್ಟು, ಪಾತ್ರೆಯ ಅಡಿಭಾಗವನ್ನೂ ಶಾಫ್ಟಿನ ಬಾಯನ್ನೂ ತೊಳೆದರೆ, ಎಣ್ಣೆ ಸೀಲಿನ ತುಟಿಯನ್ನು ದಾಟಿ ನೀರು ಒಳಹೋಗುತ್ತದೆ. ಹುಳಿ ಬಂದ ಹಿಟ್ಟಿನ ನೀರಾದರೆ ಅದಕ್ಕೆ ಲೋಹವನ್ನು ತಿನ್ನುವ ಗುಣವೂ ಸೇರಿಕೊಂಡಿರುತ್ತದೆ. ರಾತ್ರಿಯೆಲ್ಲ ಯಂತ್ರ ನಿಂತಿರುವಾಗ ಗುಂಡು ಕುಳಿತ ಜಾಗದಲ್ಲಿಯೇ ತುಕ್ಕಿನ ಚುಕ್ಕೆ ಮೂಡುತ್ತದೆ. ಮರುದಿನ ಆ ಚುಕ್ಕೆಯ ಮೇಲೆ ಗುಂಡು ಉರುಳಿ ಉರುಳಿ, ಚುಕ್ಕೆ ಗುಳಿಯಾಗುತ್ತದೆ, ಗುಳಿ ಸಿಪ್ಪೆಯಾಗಿ ಏಳುತ್ತದೆ. ಆದ್ದರಿಂದ ಕೆಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮೇಲೆ ಮಾತ್ರ ನೀರು ಹೊಯ್ಯಬೇಕು. ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಬೇರಿಂಗು ಚೆನ್ನಾಗಿದ್ದರೂ ಸೀಲನ್ನು ಬದಲಿಸಬೇಕು. ಬೇರಿಂಗಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಇಲ್ಲಿ ಕೆಲಸಗಾರ ಬಂಧುಗಳಿಗೂ ಒಂದು ಮಾತನ್ನು ಹೇಳದೆ ಗತ್ಯಂತರವಿಲ್ಲ. ಬೇಗ ಮುಗಿಸಿ ಮಲಗಬೇಕೆಂಬ ಆತುರದಲ್ಲಿ ನೀರೆರಚುವವರೂ, ‘ನಮ್ಮಪ್ಪನ ಗಂಟೇನು ಹೋಗುತ್ತದೆ’ ಎಂದು ಕರಕರ ಸದ್ದನ್ನು ಕೇಳಿಯೂ ಕೇಳದವರಂತೆ ಇರುವವರೂ ಇಲ್ಲದಿಲ್ಲ. ಯಂತ್ರದ ಸದ್ದು ಬದಲಾದುದನ್ನು ಮೊದಲು ಕೇಳುವವನು ಅದರ ಬಳಿ ನಿಂತವನೇ. ಅವನು ಆ ದಿನವೇ ಹೇಳಬೇಕು. ಆದರೆ ಹೇಳಿದವನನ್ನು ‘ನೀನೇ ಕೆಡಿಸಿರಬೇಕು’ ಎಂದು ಬೈಯುವ ಕಡೆ ಯಾರು ತಾನೆ ಬಾಯಿ ಬಿಟ್ಟಾರು? ಮೌನವನ್ನು ಕಲಿಸಿದವರಾರೆಂಬುದನ್ನೂ ವಿಚಾರಿಸಬೇಕಾಗುತ್ತದೆ.

ಎರಡನೆಯ ಶತ್ರು, ಆಶ್ಚರ್ಯವೆನಿಸಿದರೂ, ಗ್ರೀಸೇ. ಕಡಿಮೆಯಾದರೆ ಕೆಡುಕೆಂಬುದನ್ನು ಎಲ್ಲರೂ ಬಲ್ಲರು. ಹೆಚ್ಚಾದರೂ ಕೆಡುಕೆಂಬುದನ್ನು ಬಲ್ಲವರು ವಿರಳ. ಬೇರಿಂಗಿನ ಮನೆಯಲ್ಲಿ ಖಾಲಿಯಿರುವ ಜಾಗದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಗ್ರೀಸು ತುಂಬಿದರೆ ಸಾಕು. ಬಾಯಿತನಕ ತುರುಕಿದರೆ ಗುಂಡುಗಳು ಅದನ್ನು ಕಡೆಯುತ್ತ ಕಡೆಯುತ್ತ ಕಾಯುತ್ತವೆ. ಗ್ರೀಸಿನೊಳಗಿನ ಎಣ್ಣೆ ಬೇರ್ಪಟ್ಟು ಸೋರಿಹೋಗುತ್ತದೆ, ಸೀಲು ಹೊರಕ್ಕೆ ಚಿಮ್ಮುತ್ತದೆ. 70 ಡಿಗ್ರಿಗಿಂತ ಮೇಲೆ ಪ್ರತಿ 15 ಡಿಗ್ರಿ ಶಾಖ ಏರಿದಂತೆ ಗ್ರೀಸು ಹಾಕುವ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂಬುದು ಬೇರಿಂಗು ತಯಾರಕರ ನಿಯಮ. ಒಲೆಯ ಪಕ್ಕದಲ್ಲಿಯೇ ಮೋಟಾರನ್ನು ಇರಿಸಿರುವವರು ಇದನ್ನು ಗಮನಿಸತಕ್ಕದ್ದು. ಎರಡು ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಬಾರದು. ಕೆಲವು ಬೆರಕೆಗಳು ನೀರಾಗಿ ಹರಿದುಹೋಗುತ್ತವೆ. ಕೈಗೆ ಸಿಕ್ಕ ಅಡಿಗೆ ಎಣ್ಣೆಯನ್ನು ಹಾಕುವುದಂತೂ ಸಲ್ಲದು. ಅದು ಕೆಲದಿನಗಳಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ. ಹಿಟ್ಟಿಗೆ ತಾಕುವ ಸಂಭವವಿರುವ ಕಡೆ ‘ಎಚ್-1’ ಎಂಬ ಗುರುತಿನ, ಆಹಾರ ಯಂತ್ರಗಳಿಗೆಂದೇ ತಯಾರಾದ ಗ್ರೀಸು ದೊರೆಯುತ್ತದೆ. ಗಿರಾಕಿಯ ಇಡ್ಲಿಗೆ ಕಾರಿನ ಗ್ರೀಸನ್ನು ಬಡಿಸಬಾರದಷ್ಟೆ.

ಮೂರನೆಯದು ಸುತ್ತಿಗೆ. ಹೊಸ ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಹೊರಬಳೆಯ ಮೇಲೆ ಬಡಿದರೆ, ಆ ಏಟು ಗುಂಡುಗಳ ಮೂಲಕ ಒಳಬಳೆಗೆ ಹೋಗುತ್ತದೆ. ಓಡುವ ಮೊದಲೇ ಅದು ಗಾಯಗೊಂಡಿರುತ್ತದೆ. ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನು, ಮನೆಯೊಳಗೆ ಕೂರಿಸುವಾಗ ಹೊರಬಳೆಯನ್ನು, ಸಮನಾದ ಕೊಳವೆಯಿಟ್ಟು ಒತ್ತಬೇಕು. ಸೀಲಿಲ್ಲದ ಬೇರಿಂಗಾದರೆ ಶುದ್ಧ ಎಣ್ಣೆಯಲ್ಲಿ ನೂರು ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಹಿಗ್ಗಿ ತಾನಾಗಿ ಜಾರಿ ಕೂರುತ್ತದೆ; 120 ಡಿಗ್ರಿಯನ್ನು ಮೀರಬಾರದು, ನೇರ ಬೆಂಕಿ ತೋರಲೇಬಾರದು. ಈ ಕೆಲಸ ಹುಡುಗನದಲ್ಲ, ಮೆಕ್ಯಾನಿಕನದು. ಆದರೂ ನಾಲ್ಕು ತಿಂಗಳ ಅನಂತರ ಬೇರಿಂಗು ಕೂಗಿದಾಗ ಸಿಕ್ಕಿಬೀಳುವವನು ಹುಡುಗ.

ಶಾಫ್ಟಿನ ವಿಷಯ ಇನ್ನೂ ಗಂಭೀರವಾದದ್ದು. ಬೇರಿಂಗಿನ ಒಳಬಳೆ ಶಾಫ್ಟನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಒಮ್ಮೆ ಸಡಿಲವಾದರೆ ಬಳೆ ಶಾಫ್ಟಿನ ಮೇಲೆಯೇ ಜಾರಿ ಸುತ್ತುತ್ತ ಅದನ್ನು ತೇಯುತ್ತದೆ. ಆಗ ನಮ್ಮ ಫಿಟ್ಟರುಗಳು ಮಾಡುವ ಉಪಾಯ ಗೊತ್ತಿದ್ದದ್ದೇ: ಶಾಫ್ಟಿನ ಮೈಗೆ ಪಂಚಿನಿಂದ ಚುಚ್ಚಿ ಚುಚ್ಚಿ ಗುಬುಟು ಏಳಿಸಿ, ಅದರ ಮೇಲೆ ಬೇರಿಂಗನ್ನು ಬಡಿದು ಕೂರಿಸುವುದು. ಆ ಗುಬುಟುಗಳು ಕೆಲವೇ ವಾರಗಳಲ್ಲಿ ಸವೆಯುತ್ತವೆ; ಚುಚ್ಚಿದ ತೂತುಗಳು ಮಾತ್ರ ಬಿರುಕಿಗೆ ಬೀಜವಾಗಿ ಉಳಿಯುತ್ತವೆ. ಭೋಸರಿಯಲ್ಲಿ ಇಂಥ ಕೆಲಸ ಬಲ್ಲ ವರ್ಕ್‌ಶಾಪುಗಳಿಗೆ ಬರವಿಲ್ಲ. ಸವೆದ ಭಾಗಕ್ಕೆ ಲೋಹವನ್ನು ತುಂಬಿಸಿ ಲೇಥಿನಲ್ಲಿ ಅಳತೆಗೆ ಕಡೆಸಬಹುದು, ಇಲ್ಲವೇ ತೋಳು ತೊಡಿಸಬಹುದು. ಖರ್ಚು ಸ್ವಲ್ಪ ಹೆಚ್ಚು, ಬಾಳಿಕೆಯೂ ಹೆಚ್ಚು.

ಬಿರುಕೆಂಬ ಮಾತು ಬಂದುದರಿಂದ ಹೇಳಬೇಕು. 1842ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ವೆರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳು ಒಂದರ ಮೇಲೊಂದು ಏರಿ, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಚೆನ್ನಾಗಿಯೇ ಇದ್ದ ಕಬ್ಬಿಣ ಏಕೆ ಮುರಿಯಿತೆಂಬುದು ಆಗ ದೊಡ್ಡ ಒಗಟು. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರು ಆಗಸ್ಟ್ ವೋಲರ್ ವರ್ಷಗಟ್ಟಲೆ ಪ್ರಯೋಗ ನಡೆಸಿ, ಲೋಹವು ಒಂದು ಸಲ ಸುಲಭವಾಗಿ ತಾಳುವ ಭಾರವನ್ನೇ ಲಕ್ಷಾಂತರ ಸಲ ಹೊರಿಸಿದರೆ ದಣಿದು ಮುರಿಯುತ್ತದೆಂದು ತೋರಿಸಿದರು. ಬೆಲ್ಟಿನ ಎಳೆತಕ್ಕೆ ಸಿಕ್ಕ ಶಾಫ್ಟು ಪ್ರತಿ ಸುತ್ತಿನಲ್ಲಿಯೂ ಒಮ್ಮೆ ಬಾಗುತ್ತದೆ. ನಿಮಿಷಕ್ಕೆ 500 ಸುತ್ತಿನ ಯಂತ್ರದಲ್ಲಿ ಎಂಟು ಗಂಟೆಗೆ 2,40,000 ಸಲ! ಬಿರುಕು ಹುಟ್ಟುವುದು ಕೀಲಿಯ ಗಾಡಿಯ ಚೂಪು ಮೂಲೆಯಲ್ಲಿ, ಶಾಫ್ಟಿನ ದಪ್ಪ ತಟ್ಟನೆ ಕಿರಿದಾಗುವ ಕಡೆಯಲ್ಲಿ, ಪಂಚಿನ ಚುಚ್ಚಿನಲ್ಲಿ. ಅಂಥ ಮೂಲೆಗಳನ್ನು ದುಂಡಾಗಿ ಕಡೆಯಬೇಕೆಂಬುದು ಇದೇ ಕಾರಣಕ್ಕೆ. ಮುರಿದ ತುಂಡಿನ ಮುಖವನ್ನು ನೋಡಿದರೆ, ಒಂದು ಭಾಗ ಸಮುದ್ರದ ದಂಡೆಯ ಅಲೆಗೆರೆಗಳಂತೆ ನಯವಾಗಿಯೂ, ಉಳಿದ ಭಾಗ ಒರಟಾಗಿಯೂ ಇರುತ್ತದೆ. ನಯವಾದ ಭಾಗವೆಂದರೆ ದಿನಗಟ್ಟಲೆ ನಿಧಾನವಾಗಿ ಹಬ್ಬಿದ ಬಿರುಕು. ನಿನ್ನೆ ಸಂಜೆ ಹಿಟ್ಟು ಗಟ್ಟಿ ಹಾಕಿದವನ ತಪ್ಪಿನಿಂದ ಅದು ಮುರಿಯಿತೆಂದು ಹೇಳಲು ಆ ಮುಖವೇ ಅವಕಾಶ ಕೊಡುವುದಿಲ್ಲ.

ಬಿಚ್ಚಿದ ಬೇರಿಂಗೂ ಹೀಗೆಯೇ ಮಾತನಾಡುತ್ತದೆ. ಕಂದು ತುಕ್ಕಿದ್ದರೆ ನೀರು ಹೊಕ್ಕಿದೆ. ಬಳೆ ನೀಲಿಗಟ್ಟಿದ್ದರೆ ಗ್ರೀಸಿಲ್ಲದೆ ಕಾಯ್ದಿದೆ. ಗುಂಡುಗಳ ಅಂತರಕ್ಕೆ ಸರಿಯಾಗಿ ಸಾಲುಗುಳಿಗಳಿದ್ದರೆ, ಒಂದೋ ಕೂರಿಸುವಾಗ ಸುತ್ತಿಗೆಯ ಏಟು ಬಿದ್ದಿದೆ, ಇಲ್ಲವೇ ಯಂತ್ರ ಬಹುಕಾಲ ತಿರುಗದೆ ನಿಂತು ಪಕ್ಕದ ಯಂತ್ರದ ಅದುರಿಗೆ ಸಿಕ್ಕಿದೆ. ಮೀಸಲಿಗೆಂದು ಇಟ್ಟ ನೀರಿನ ಪಂಪನ್ನು ವಾರಕ್ಕೊಮ್ಮೆ ಕೈಯಿಂದ ಒಂದೆರಡು ಸುತ್ತು ತಿರುಗಿಸಬೇಕೆನ್ನುವುದು ಇದಕ್ಕಾಗಿ. ಗುಂಡು ಓಡಿದ ಗೆರೆ ಬಳೆಯ ಮೇಲೆ ಓರೆಯಾಗಿದ್ದರೆ ಶಾಫ್ಟು ಸಾಲು ತಪ್ಪಿದೆ. ಒಳಬಳೆಯ ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಸಡಿಲವಾಗಿ ಜಾರಿದೆ. ಇವುಗಳಲ್ಲಿ ಹುಡುಗನ ಪಾಲು ಎಷ್ಟು, ಮೆಕ್ಯಾನಿಕನ ಪಾಲು ಎಷ್ಟು, ಯಜಮಾನರ ಪಾಲು ಎಷ್ಟು ಎಂಬುದನ್ನು ವಾಚಕರೇ ತೂಗಿ ನೋಡಲಿ.

ಗುಮಾಸ್ತರ ಪಾಲೂ ಇಲ್ಲದಿಲ್ಲ. ಪಿಂಪರಿ, ಚಿಂಚವಾಡ, ಹಡಪಸರಗಳ ಕಾರಖಾನೆಗಳಲ್ಲಿ ಖರೀದಿ ಮತ್ತು ಉಗ್ರಾಣಗಳ ಮೇಜಿನ ಮುಂದೆ ಕುಳಿತ ನಮ್ಮವರು ಅನೇಕರು. ಬೇರಿಂಗಿನ ಸಂಖ್ಯೆಯನ್ನು ಅವರು ಕೇವಲ ಅಂಕಿಯೆಂದು ತಿಳಿಯಬಾರದು. 6205 ಎಂದರೆ, ಕೊನೆಯ 05ನ್ನು ಐದರಿಂದ ಗುಣಿಸಿದಾಗ ಬರುವ 25 ಮಿಲಿಮೀಟರು ಒಳತೂತಿನ ಅಳತೆ, 6204ಕ್ಕೆ 20. ಇದರ ಮುಂದೆ ಬರುವ ಅಕ್ಷರಗಳಲ್ಲಿಯೇ ನಿಜವಾದ ಮರ್ಮವಿರುವುದು. ‘2ಆರ್‌ಎಸ್’ ಎಂದರೆ ಎರಡೂ ಬದಿಗೆ ರಬ್ಬರಿನ ಸೀಲು. ನೀರು ತಾಕುವ ಕಡೆಗೆ ಇದೇ ಬೇಕು. ‘ಜೆಡ್‌ಜೆಡ್’ ಎಂದರೆ ತಗಡಿನ ಮುಚ್ಚಳ. ಧೂಳನ್ನು ತಡೆದೀತು, ನೀರನ್ನು ತಡೆಯದು. ‘ಸಿ3’ ಎಂದರೆ ಒಳಗಿನ ಸಡಿಲು ಮಾಮೂಲಿಗಿಂತ ಹೆಚ್ಚು. ಕಾಯುವ ಮೋಟಾರುಗಳಿಗೆ ಇದನ್ನು ಹೇಳಿರುತ್ತಾರೆ. ಇಂಡೆಂಟಿನಲ್ಲಿ ಅಕ್ಷರಗಳನ್ನು ಬಿಟ್ಟು ಬರಿಯ 6205 ಎಂದು ನಕಲು ಮಾಡಿದರೆ, ಬರುವ ಬೇರಿಂಗು ಅಳತೆಗೆ ಸರಿಯಾಗಿ ಕೂರುತ್ತದೆ, ಬೇಗನೆ ಸಾಯುತ್ತದೆ. ಇದಲ್ಲದೆ ನಕಲಿ ಬೇರಿಂಗುಗಳ ಹಾವಳಿ. ಹೆಸರುವಾಸಿ ತಯಾರಕರ ಪೆಟ್ಟಿಗೆ, ಮುದ್ರೆ ಎಲ್ಲವನ್ನೂ ಅನುಕರಿಸುತ್ತಾರೆ. ಮೂರು ಕೊಟೇಶನ್ನುಗಳಲ್ಲಿ ಒಂದು ಉಳಿದೆರಡರ ಅರ್ಧಕ್ಕೆ ಬಂದರೆ ಹಿಗ್ಗುವ ಬದಲು ಅನುಮಾನಿಸುವುದೇ ಲೇಸು. ಅಧಿಕೃತ ಮಾರಾಟಗಾರರಿಂದ, ರಸೀದಿಯೊಡನೆ ಕೊಳ್ಳಬೇಕು. ಪೆಟ್ಟಿಗೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ತಯಾರಕರಿಗೇ ಕಳುಹಿಸಿ ಪರೀಕ್ಷಿಸಿಕೊಳ್ಳುವ ಸೌಕರ್ಯವೂ ಇಂದು ಉಂಟು. ‘ಕಡಿಮೆ ಬೆಲೆಯವರಿಗೇ ಕೊಡಿ’ ಎಂಬ ಸಾಹೇಬರ ಅಪ್ಪಣೆಗೆ ಗುಮಾಸ್ತನು ಎದುರಾಡಲಾರ, ನಿಜ. ಆದರೆ ಕಡತದಲ್ಲಿ ಒಂದು ಸಾಲಿನ ಟಿಪ್ಪಣಿ ಬರೆಯುವುದನ್ನು ಯಾರೂ ತಡೆದಿಲ್ಲ.

ಧಣಿಗಳ ಕಡೆಯ ವಾದವನ್ನೂ ಕೇಳಬೇಕು. ‘ಬೆಳಗಿನಿಂದ ರಾತ್ರಿಯವರೆಗೆ ಯಂತ್ರ ಓಡಲೇಬೇಕು, ನಿಲ್ಲಿಸಿ ಎಣ್ಣೆ ಹಾಕಲು ಹೊತ್ತೆಲ್ಲಿ? ಬಾಡಿಗೆ, ಗ್ಯಾಸು, ತೆಂಗಿನಕಾಯಿಗಳ ಬೆಲೆಯಲ್ಲಿ ಲಾಭವೆಲ್ಲಿ?’ ಎಂದು ಅವರು ಕೇಳುತ್ತಾರೆ. ಈ ಕಷ್ಟ ಸುಳ್ಳಲ್ಲ. ಆದರೆ ಯಂತ್ರವು ತನ್ನ ಬಿಡುವನ್ನು ಹೇಗಾದರೂ ಪಡೆದುಕೊಳ್ಳುತ್ತದೆ. ವಾರಕ್ಕೆ ಅರ್ಧ ಗಂಟೆಯನ್ನು ನಾವಾಗಿ ಕೊಡದಿದ್ದರೆ, ಭಾನುವಾರ ಬೆಳಗಿನ ಎಂಟು ಗಂಟೆಗೆ ಪೂರಾ ದಿನವನ್ನು ಅದಾಗಿ ಕಿತ್ತುಕೊಳ್ಳುತ್ತದೆ.

ಇನ್ನು ಕಾನೂನಿನ ಮಾತು. ನಷ್ಟವಾಯಿತೆಂದು ಪಗಾರದಿಂದ ಹಣ ಹಿಡಿಯುವುದು ಯಜಮಾನರ ಇಚ್ಛೆಗೆ ಬಿಟ್ಟ ವಿಷಯವಲ್ಲ. 1936ರ ವೇತನ ಪಾವತಿ ಕಾಯಿದೆಯೇ ಇದಕ್ಕೆ ಮಿತಿ ಹಾಕಿತ್ತು. ವಸ್ತುವನ್ನು ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು. ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು. ಹಿಡಿಯುವ ಮುನ್ನ ಅವನ ಸಮಜಾಯಿಷಿ ಹೇಳಿಕೊಳ್ಳಲು ಅವಕಾಶ ಕೊಡಬೇಕು. 2019ರ ವೇತನ ಸಂಹಿತೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಹಳೆಯ ಬೇರಿಂಗನ್ನು ಮೆಕ್ಯಾನಿಕನು ಗುಜರಿಗೆಂದು ಜೇಬಿಗಿಳಿಸಿಕೊಂಡು ಹೋದ ಮೇಲೆ, ಅಲಕ್ಷ್ಯ ಯಾರದೆಂದು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ?

ಆದುದರಿಂದ ನಮ್ಮ ಸೂಚನೆ ಇಷ್ಟು. ಪ್ರತಿ ಹೋಟೆಲಿನಲ್ಲಿಯೂ ಯಂತ್ರದ ಆರೈಕೆಗೆ ಒಬ್ಬನನ್ನು ಹೆಸರಿಸಿ ನೇಮಿಸಲಿ. ಅದಕ್ಕೆ ವಾರದಲ್ಲಿ ಅರ್ಧ ಗಂಟೆಯ ಬಿಡುವನ್ನು ಅವನ ಪಾಳಿಯೊಳಗೇ ಕೊಡಲಿ, ಪಾಳಿ ಮುಗಿದ ಮೇಲಲ್ಲ. ಒಂದು ಗ್ರೀಸ್ ಗನ್ನು, ಒಂದೇ ಜಾತಿಯ ಗ್ರೀಸಿನ ಡಬ್ಬಿ, ಶುಭ್ರವಾದ ಬಟ್ಟೆ ಅವನ ಬಳಿಯಿರಲಿ. ಕೈಯಿಡುವ ಮೊದಲು ಮೇನ್ ಸ್ವಿಚ್ಚನ್ನು ಆರಿಸಲಿ. ಹೆಗಲ ಮೇಲಿನ ಬೈರಾಸನ್ನು ತೆಗೆದು ದೂರವಿಡಲಿ, ಏಕೆಂದರೆ ಶಾಫ್ಟು ಬಟ್ಟೆಯನ್ನೂ ಕೈಯನ್ನೂ ಬೇರೆಬೇರೆಯಾಗಿ ಗುರುತಿಸುವುದಿಲ್ಲ. ಎರಡೂ ಬದಿಗೆ ಸೀಲಿರುವ ಬೇರಿಂಗಿನ ರಬ್ಬರನ್ನು ಕಿತ್ತು ಗ್ರೀಸು ತುಂಬಲು, ಸೀಮೆಎಣ್ಣೆಯಲ್ಲಿ ತೊಳೆಯಲು ಯಾರಿಗೂ ಬಿಡದಿರಲಿ. ಯಂತ್ರದ ಬಳಿಯ ಮೊಳೆಗೆ ಒಂದು ವಹಿ ತೂಗುಹಾಕಲಿ. ಗ್ರೀಸು ಹಾಕಿದ ದಿನ, ಬೆಲ್ಟು ಬದಲಿಸಿದ ದಿನ, ಹೊಸ ಬೇರಿಂಗಿನ ಪೂರ್ತಿ ಸಂಖ್ಯೆ, ಸದ್ದು ಬದಲಾಯಿತೆಂದು ಹೇಳಿದವನ ಹೆಸರು, ಹೇಳಿದ ದಿನ, ಅದಕ್ಕೆ ಏನು ಮಾಡಲಾಯಿತೆಂಬುದು, ಇಷ್ಟನ್ನು ಬರೆದಿಡಲಿ. ಕನ್ನಡದಲ್ಲಿಯೇ ಬರೆಯಲಿ, ಅದನ್ನು ಓದಬೇಕಾದವನು ಕನ್ನಡಿಗನೇ. ಬಿಚ್ಚಿದ ಹಳೆಯ ಬೇರಿಂಗನ್ನು ಕಾಗದದಲ್ಲಿ ಸುತ್ತಿ, ತಾರೀಕು ಹಾಕಿ, ಗಲ್ಲೆಯ ಕೆಳಗಿನ ಡ್ರಾಯರಿನಲ್ಲಿ ಮೂರು ತಿಂಗಳು ಇರಿಸಲಿ. ಯಾರ ಪಗಾರದಿಂದಲಾದರೂ ಒಂದು ರೂಪಾಯಿ ಹಿಡಿಯುವ ಮಾತು ಬಂದಾಗ, ಆ ವಹಿಯನ್ನೂ ಆ ಕಾಗದದ ಪೊಟ್ಟಣವನ್ನೂ ಮೇಜಿನ ಮೇಲೆ ತಂದಿಟ್ಟು, ಕೆಲಸಗಾರನನ್ನೂ ಎದುರಿಗೆ ಕೂರಿಸಿಕೊಂಡು ಮಾತು ಆರಂಭಿಸಲಿ.